ತೇಲುವ ಗಾಳಿಯಂತ್ರದ ಕೆಲಸ ಹುಣಸೂರಿಗೂ ಬಂದೀತೆ?

ಹುಣಸೂರಿನಲ್ಲಿ ಬಸ್ಸಿಳಿದು 'ಪ್ಲಾಟ್‌ಫಾರಂ ಎಲ್ಲಿದೆ?' ಎಂದು ಕೇಳಿದರೆ ಯಾರೂ ರೈಲು ನಿಲ್ದಾಣದ ದಾರಿ ತೋರಿಸಲಾರರು. ಆ ಪಟ್ಟಣಕ್ಕೆ ಇನ್ನೂ ರೈಲೇ ಬಂದಿಲ್ಲ. ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಹೋಗಿ ಎನ್ನುತ್ತಾರೆ. ಪಿರಿಯಾಪಟ್ಟಣದ ಕಡೆಯವರಾದರೆ ಕಂಪಲಾಪುರ ಎನ್ನುತ್ತಾರೆ. ಅಲ್ಲಿಯ ಜನರಿಗೆ ಪ್ಲಾಟ್‌ಫಾರಂ ಎಂದರೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ವರ್ಷವಿಡೀ ದುಡಿದು ಒಣಗಿಸಿದ ಹೊಗೆಸೊಪ್ಪಿನ ಬೇಲುಗಳನ್ನು ಸಾಲಾಗಿ ಇಟ್ಟು, ಬೆಲೆ ಕೂಗುವವರ ಮುಖ ನೋಡುತ್ತಾ ನಿಲ್ಲುವ ಜಾಗ ಅದು.

ನಾವು ಇಂದು ಬರೆಯಹೊರಟಿರುವುದು ಇನ್ನೊಂದು ಪ್ಲಾಟ್‌ಫಾರಂ ಬಗ್ಗೆ. ಕಡಲಿನಲ್ಲಿ ತೇಲುತ್ತಾ ಬೆನ್ನ ಮೇಲೆ ಗಾಳಿಯಂತ್ರ ಹೊತ್ತು ನಿಲ್ಲುವ ಉಕ್ಕಿನ ಅಥವಾ ಕಾಂಕ್ರೀಟಿನ ತಳಹದಿ ಅದು. ಕಡಲತಡಿಯ ನಮಗೆ ಇದು ನೆರೆಯ ವಿಷಯವೆನಿಸಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗೆ ಇದರಿಂದ ಏನಾಗಬೇಕಿದೆ ಎಂದು ಓದುಗರು ಕೇಳುವುದು ಸಹಜ. ಆಗಬೇಕಾದದ್ದು ಇದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದು ಇಂದು ಹಂಚಲಾಗುತ್ತಿರುವ ಕನಸಿನಷ್ಟು ದೊಡ್ಡದಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಮೊದಲು ದೇಶದ ಪರಿಸ್ಥಿತಿಯನ್ನು ನೋಡೋಣ. ಕಡಲ ಗಾಳಿಯಿಂದ ವಿದ್ಯುತ್ ಪಡೆಯುವ ರಾಷ್ಟ್ರೀಯ ನೀತಿ ಬಂದದ್ದು 2015ರಲ್ಲಿ. 2030ರೊಳಗೆ 30,000 ಮೆಗಾವಾಟ್ ಎಂಬ ಗುರಿ ಘೋಷಣೆಯಾದದ್ದು 2018ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟವು ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಯೋಜನೆಗಾಗಿ ಒಟ್ಟು 7,453 ಕೋಟಿ ರೂಪಾಯಿ ನೆರವಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 600 ಕೋಟಿ ಎರಡು ಬಂದರುಗಳನ್ನು ಸಜ್ಜುಗೊಳಿಸುವುದಕ್ಕೆ. ಆದರೆ ಗುತ್ತಿಗೆ ಹಿಡಿಯಲು ಕಂಪನಿಗಳು ಮುಂದೆ ಬರಲಿಲ್ಲ. ಗಡುವು ಮುಂದೂಡಿ ಮುಂದೂಡಿ, ಕೊನೆಗೆ 2025ರಲ್ಲಿ ಗುಜರಾತಿನ 500 ಮೆಗಾವಾಟ್ ಹಾಗೂ ತಮಿಳುನಾಡಿನ 4,000 ಮೆಗಾವಾಟ್ ಟೆಂಡರುಗಳನ್ನು ರದ್ದು ಮಾಡಲಾಯಿತು. ಭಾರತದ ಕಡಲಿನಲ್ಲಿ ವಿದ್ಯುತ್ ಕೊಡುವ ಗಾಳಿಯಂತ್ರ ಇನ್ನೂ ಒಂದೂ ಇಲ್ಲ.

ಈ ನಕ್ಷೆಯಲ್ಲಿ ಕರ್ನಾಟಕದ ಹೆಸರೂ ಇಲ್ಲ. ನಮ್ಮ ಗಾಳಿ ಇರುವುದು ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ. ನಮ್ಮ ಕಡಲು ದಡದಿಂದ ಬಹುದೂರದವರೆಗೆ ಆಳವಿಲ್ಲದ್ದು. ಸುಮಾರು 60 ಮೀಟರ್ ಆಳದವರೆಗೆ ಕಂಬವನ್ನು ನೆಲಕ್ಕೇ ನೆಡುವುದು ಅಗ್ಗ, ತೇಲಿಸುವ ಖರ್ಚು ಬೇಕಾಗುವುದು ಅದಕ್ಕಿಂತ ಆಳದಲ್ಲಿ. ಆದ್ದರಿಂದ ಮಲ್ಪೆಯ ಎದುರು ನಾಳೆಯೇ ತೇಲುವ ಯಂತ್ರಗಳು ಸಾಲುಗಟ್ಟಿ ನಿಲ್ಲುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಪ್ರಶ್ನೆ ಯಂತ್ರ ಎಲ್ಲಿ ನಿಲ್ಲುತ್ತದೆ ಎಂಬುದಲ್ಲ, ಅದರ ಅಂಗಾಂಗಗಳನ್ನು ಯಾರು ಮಾಡುತ್ತಾರೆ ಎಂಬುದು. ಮಾಡುವ ಕೆಲಸಕ್ಕೆ ಕಡಲು ಎದುರಿಗೇ ಇರಬೇಕೆಂದಿಲ್ಲ.

ತೇಲುವ ತಳಹದಿ ಹೇಗೆ ನಿಲ್ಲುತ್ತದೆ ಎಂಬುದನ್ನು ನಮ್ಮ ಮೀನುಗಾರರಿಗೆ ವಿವರಿಸಬೇಕಾಗಿಲ್ಲ. ಬಲೆಯ ಬೆಂಡಿನ ಕೆಳಗೆ ಸೀಸ ಕಟ್ಟಿದರೆ ಅದು ನೆಟ್ಟಗೆ ನಿಲ್ಲುತ್ತದೆಯಷ್ಟೆ? ಒಂದು ಬಗೆಯ ತಳಹದಿ ಹಾಗೆಯೇ: ಉದ್ದನೆಯ ಕೊಳವೆ, ತುದಿಯಲ್ಲಿ ಭಾರ. 2017ರಲ್ಲಿ ಸ್ಕಾಟ್ಲೆಂಡಿನ ಕಡಲಿಗೆ ಇಳಿದ 30 ಮೆಗಾವಾಟಿನ ಹೈವಿಂಡ್ ಯೋಜನೆ ಈ ಬಗೆಯದು. ಆದರೆ ಆ ಕೊಳವೆ ನೀರಿನೊಳಗೆ ಎಪ್ಪತ್ತೆಂಟು ಮೀಟರ್ ಇಳಿಯುತ್ತದೆ. ಅದನ್ನು ನಿಲ್ಲಿಸಿ ಜೋಡಿಸಲು ನಾರ್ವೆಯ ಆಳವಾದ ಕಡಲ ಕವಲುಗಳೇ ಬೇಕು, ಪಣಂಬೂರಿನಲ್ಲಿ ಅದು ಸಾಧ್ಯವಿಲ್ಲ. ಇನ್ನೊಂದು ಬಗೆ ಮೂರು ಕಾಲಿನ ಅಗಲವಾದ ತೆಪ್ಪ. ಪೋರ್ಚುಗಲ್ ಕಡಲಿನಲ್ಲಿ 2020ರಿಂದ ಕೆಲಸ ಮಾಡುತ್ತಿರುವ ವಿಂಡ್‌ಫ್ಲೋಟ್ ಅಟ್ಲಾಂಟಿಕ್‌ನ ಮೂರು ಯಂತ್ರಗಳು ಇಂತಹ ತೆಪ್ಪಗಳ ಮೇಲೆ ನಿಂತಿವೆ. ಒಂದೊಂದು ಕಂಬ 30 ಮೀಟರ್ ಎತ್ತರ, ಕಂಬದಿಂದ ಕಂಬಕ್ಕೆ 50 ಮೀಟರ್ ಅಂತರ. ಇವುಗಳನ್ನು ಬಂದರಿನಲ್ಲೇ ಪೂರ್ತಿ ಜೋಡಿಸಿ ಟಗ್ ದೋಣಿಗಳಿಂದ ಎಳೆದೊಯ್ದು ಲಂಗರು ಹಾಕಬಹುದು.

ಉಕ್ಕಿನ ಪ್ರಮಾಣವನ್ನು ಕೇಳಿದರೆ ತಲೆ ತಿರುಗುತ್ತದೆ. ಅಮೆರಿಕದ ಮೇನ್ ವಿಶ್ವವಿದ್ಯಾನಿಲಯವು 2020ರಲ್ಲಿ ಪ್ರಕಟಿಸಿದ ಮಾದರಿ ವಿನ್ಯಾಸದಲ್ಲಿ 15 ಮೆಗಾವಾಟಿನ ಒಂದೇ ಒಂದು ಯಂತ್ರದ ತಳಹದಿಗೆ ಸುಮಾರು 3,900 ಟನ್ ಉಕ್ಕು ಬೇಕು. ಒಂದು ಲಾರಿಗೆ 20 ಟನ್ ಎಂದು ಹಿಡಿದರೂ ಹತ್ತಿರ ಹತ್ತಿರ ಇನ್ನೂರು ಲಾರಿ ಲೋಡು. ಸಾವಿರ ಮೆಗಾವಾಟಿಗೆ ಇಂತಹ 67 ತಳಹದಿಗಳು, ಅಂದರೆ ಎರಡೂವರೆ ಲಕ್ಷ ಟನ್ನಿಗೂ ಮೇಲೆ. ಕತ್ತರಿಸಿ, ಬಗ್ಗಿಸಿ, ಬೆಸೆದು, ಬಣ್ಣ ಬಳಿಯುವ ಈ ಕೆಲಸವೆಲ್ಲ ಯಾರ ಕೈಗೆ ಹೋಗುತ್ತದೆ?

ಸ್ಕಾಟ್ಲೆಂಡಿನವರು ಇದನ್ನು ಕಣ್ಣೀರಿನೊಂದಿಗೆ ಕಲಿತರು. ಅವರ ಕಡಲಿನಲ್ಲೇ 2021ರಲ್ಲಿ ಪೂರ್ಣಗೊಂಡ 50 ಮೆಗಾವಾಟಿನ ಕಿನ್‌ಕಾರ್ಡಿನ್ ಯೋಜನೆಯ ದೊಡ್ಡ ತೆಪ್ಪಗಳನ್ನು ಕಟ್ಟಿದ್ದು ಸ್ಪೇನಿನ ಫೆನೆ ಹಡಗುಕಟ್ಟೆಯಲ್ಲಿ. ಅದೇ ಸ್ಕಾಟ್ಲೆಂಡಿನ ಫೈಫ್ ಪ್ರಾಂತದ ಬೈಫ್ಯಾಬ್ ಎಂಬ ಕಡಲ ಉಕ್ಕಿನ ಸಂಸ್ಥೆ ಕೆಲಸವಿಲ್ಲದೆ 2020ರ ಡಿಸೆಂಬರಿನಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು. ಊರ ಮುಂದೆಯೇ ಯಂತ್ರಗಳು ತಿರುಗುತ್ತಿದ್ದವು, ಊರ ಬೆಸುಗೆಗಾರ ಮನೆಯಲ್ಲಿ ಕುಳಿತಿದ್ದ. ಕಡಲು ನಮ್ಮದಾದ ಮಾತ್ರಕ್ಕೆ ಕೆಲಸ ನಮ್ಮದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ತಿಳಿದಿಲ್ಲ.

ಇದಕ್ಕೆ ಎದುರಾಗಿ ಡೆನ್ಮಾರ್ಕಿನ ಒಂದು ಪ್ರಯೋಗವಿದೆ. ಹೆನ್ರಿಕ್ ಸ್ಟೀಸ್ಡಾಲ್ ಎಂಬ ಹಿರಿಯ ಗಾಳಿಯಂತ್ರ ತಜ್ಞರು ತಳಹದಿಯ ಚಿತ್ರ ಬರೆಯುವ ಮೊದಲೇ ಒಂದು ಪ್ರಶ್ನೆ ಹಾಕಿಕೊಂಡರು: ಈಗಾಗಲೇ ಇರುವ ಕಾರ್ಖಾನೆ ಇದನ್ನು ಹೇಗೆ ಮಾಡೀತು? ಗಾಳಿಯಂತ್ರದ ಗೋಪುರ ಮಾಡುವ ಕಾರ್ಖಾನೆಗಳಿಗೆ ಉಕ್ಕಿನ ಕೊಳವೆ ಸುತ್ತುವುದು ದಿನನಿತ್ಯದ ಕೆಲಸ. ಆದ್ದರಿಂದ ತಳಹದಿಯನ್ನೂ ಕೊಳವೆಗಳಾಗಿಯೇ ಒಡೆದರು. ಗೀವ್ ಎಂಬ ಊರಿನ ಕಾರ್ಖಾನೆಯಲ್ಲಿ ಭಾಗಗಳು ತಯಾರಾದವು. ಅವುಗಳನ್ನು ಗ್ರೆನೊ ಬಂದರಿಗೆ ಸಾಗಿಸಿ, ಅಲ್ಲಿ ಬೆಸುಗೆ ಹಾಕದೆ ಗೂಟ ತೊಡಿಸಿ ಜೋಡಿಸಿದರು. 3.6 ಮೆಗಾವಾಟಿನ ಆ ಟೆಟ್ರಾಸ್ಪಾರ್ ಯಂತ್ರ 2021ರಲ್ಲಿ ನಾರ್ವೆಯ ಕಾರ್ಮೊಯ್ ಕಡಲಿನಲ್ಲಿ ನಿಂತಿತು. ಗೀವ್ ಬಂದರಿನ ಊರಲ್ಲ, ನಾಡಿನ ಒಳಗಿನ ಊರು, ನಮ್ಮ ಲೆಕ್ಕದಲ್ಲಿ ಒಂದು ಹುಣಸೂರು. ನಾವು ಈ ಲೇಖನ ಬರೆಯಲು ಕಾರಣವೂ ಆ ಒಂದು ಊರೇ.

ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಕೆಲಸ ಹಂಚಿಕೆಯಾಗುವುದು ಟೆಂಡರಿನಲ್ಲಿ ಅಲ್ಲ, ಅದಕ್ಕೂ ಮೊದಲು, ನಕ್ಷೆ ಬರೆಯುವವರ ಮೇಜಿನ ಮೇಲೆ. ಹನ್ನೊಂದು ಹನ್ನೆರಡು ಮೀಟರ್ ಅಡ್ಡಳತೆಯ ಇಡೀ ಕಂಬವನ್ನು ನಕ್ಷೆಯಲ್ಲಿ ಬರೆದರೆ ಅದು ದೊಡ್ಡ ಹಡಗುಕಟ್ಟೆಯ ಪಾಲು. ಅದನ್ನೇ ಚಪ್ಪಟೆ ತುಂಡುಗಳಾಗಿ, ಲಾರಿಗೆ ಹಿಡಿಸುವ ಅಳತೆಯಲ್ಲಿ ಒಡೆದು ಬರೆದರೆ ಒಳನಾಡಿನ ಕಾರ್ಖಾನೆಗೂ ಬಾಗಿಲು ತೆರೆಯುತ್ತದೆ. ಕಾಂಕ್ರೀಟಿನಲ್ಲಿ ಬರೆದರೆ ಜಲ್ಲಿ, ಸಿಮೆಂಟು, ಸೆಂಟ್ರಿಂಗ್ ಕೆಲಸದವರ ಸರದಿ. ನಾರ್ವೆಯ ಹೈವಿಂಡ್ ಟಾಂಪೆನ್‌ನಲ್ಲಿ 11 ಯಂತ್ರಗಳು ಕಾಂಕ್ರೀಟ್ ತಳಹದಿಯ ಮೇಲೆ ನಿಂತಿವೆ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಫ್ಲೋಟ್‌ಜೆನ್ ಕೂಡ 2018ರಿಂದ ಕಾಂಕ್ರೀಟಿನ ತೆಪ್ಪದ ಮೇಲೆಯೇ ಇದೆ.

ಕರಾವಳಿಯಲ್ಲಿ ನಮಗೆ ಇಂತಹ ಎರಡು ಅನುಭವಗಳಿವೆ. ಒಂದು ಪಡುಬಿದ್ರೆಯದ್ದು. ಸುಜ್ಲಾನ್ ಕಂಪನಿ ಅಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಘಟಕ ತಂದಾಗ ಜಮೀನಿನ ಬಗ್ಗೆ ಎಷ್ಟು ವಾದವಿವಾದ ನಡೆಯಿತೋ ಉದ್ಯೋಗದ ಬಗ್ಗೆ ಅಷ್ಟೇ ನಿರೀಕ್ಷೆಯೂ ಇತ್ತು. 2012ರಲ್ಲಿ ಆ ಕಂಪನಿಗೆ ತನ್ನ ವಿದೇಶಿ ಸಾಲಪತ್ರಗಳ ಹಣ ಹಿಂತಿರುಗಿಸಲಾಗಲಿಲ್ಲ. ದೂರದ ಲೆಕ್ಕಪತ್ರ ಏರುಪೇರಾದರೆ ಇಲ್ಲಿಯ ಪಾಳಿಯೂ ಏರುಪೇರಾಗುತ್ತದೆ ಎಂಬುದನ್ನು ನಮ್ಮ ಜನ ಕಂಡರು. ಒಬ್ಬನೇ ಗಿರಾಕಿ, ಒಂದೇ ವಸ್ತು ಎಂದಾಗ ಹೀಗೇ ಆಗುವುದು.

ಇನ್ನೊಂದು ಮಲ್ಪೆಯದ್ದು. ಸಾಲದಲ್ಲಿ ಮುಳುಗಿದ್ದ ಟೆಬ್ಮಾ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು, ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಅಲ್ಲಿ ಟಗ್‌ಗಳು ತಯಾರಾಗುತ್ತಿವೆ. 2023ರಲ್ಲಿ ನಾರ್ವೆಯ ವಿಲ್ಸನ್ ಸಂಸ್ಥೆ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳಿಗೆ ಬೇಡಿಕೆ ಕೊಟ್ಟಿತು, ಮರುವರ್ಷ ಇನ್ನೂ ದೊಡ್ಡ, 6,300 ಟನ್‌ನ ಹಡಗುಗಳಿಗೆ. ಮಾತೃಸಂಸ್ಥೆಯಾದ ಕೊಚ್ಚಿನ್ ಶಿಪ್‌ಯಾರ್ಡ್ ಯುರೋಪಿನ ಕಡಲ ಗಾಳಿಯಂತ್ರಗಳ ಸೇವೆಗೆ ಬೇಕಾದ ಹಡಗುಗಳ ಗುತ್ತಿಗೆಯನ್ನೂ ಪಡೆದಿದೆ. ನಮ್ಮ ಕಡಲಲ್ಲಿ ಯಂತ್ರವಿಲ್ಲ, ಆದರೆ ಅವರ ಯಂತ್ರದ ಚಾಕರಿಗೆ ಹೋಗುವ ಹಡಗು ನಮ್ಮ ನೆರೆಯಲ್ಲೇ ಹುಟ್ಟುತ್ತಿದೆ. ಪರವೂರಿನ ಗುಣಮಟ್ಟದ ಪರೀಕ್ಷೆಯಲ್ಲಿ ಇಲ್ಲಿಯ ಬೆಸುಗೆ ಪಾಸಾಗುತ್ತದೆ ಎಂದಲ್ಲವೇ ಇದರ ಅರ್ಥ?

ಈಗ ಘಟ್ಟ ಹತ್ತೋಣ. ಬಂಟ್ವಾಳದಿಂದ ಮೈಸೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಸಂಪಾಜೆ, ಮಡಿಕೇರಿ, ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಮೂಲಕವೇ ಹೋಗುತ್ತದೆ. ನಮ್ಮಲ್ಲಿ ಅನೇಕರು ಆ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದವರೇ. ಆದರೆ ಆ ದಾರಿಯ ತಿರುವುಗಳಲ್ಲಿ ಉದ್ದನೆಯ ಸರಕು ಇಳಿಸುವುದು ಆಗದ ಮಾತು. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿಯಿಂದ ಸಂಪಾಜೆಯವರೆಗಿನ ರಸ್ತೆ ಏನಾಯಿತೆಂದು ಮರೆತಿಲ್ಲ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ತಡೆ ಬೀಳುವುದು ವಾಡಿಕೆಯೇ ಆಗಿದೆ. ಹಾಗೆ ನೋಡಿದರೆ ನಾಲ್ಕು ತಾಲ್ಲೂಕುಗಳಲ್ಲಿ ಅದೃಷ್ಟವಂತರು ಕೆ.ಆರ್.ನಗರದವರು. ಮೈಸೂರು ಹಾಸನ ರೈಲುಮಾರ್ಗ ಅವರ ಊರಿನಲ್ಲೇ ಹಾದುಹೋಗುತ್ತದೆ. ಹಾಸನದಿಂದ ಸಕಲೇಶಪುರ, ಸುಬ್ರಹ್ಮಣ್ಯ ದಾಟಿ ಮಂಗಳೂರಿಗೆ ಬ್ರಾಡ್‌ಗೇಜ್ ಹಳಿ ಇದೆ, 2006ರಿಂದ ಅದರ ಮೇಲೆ ಸರಕು ಓಡುತ್ತಿದೆ.

ನಮ್ಮ ಕಾನೂನಿನ ಪ್ರಕಾರ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ, ಮೀರಿದರೆ ವಿಶೇಷ ಪರವಾನಗಿ ಬೇಕು. ಹಾಗಾದರೆ ಘಟ್ಟದ ಮೇಲಿನವರಿಗೆ ಸಿಗಬಹುದಾದ ಕೆಲಸದ ಗಾತ್ರ ಇಷ್ಟೇ: ಎರಡೂವರೆ ಮೀಟರ್ ಅಗಲ, ಲಾರಿಯ ಉದ್ದ, ಲಾರಿಯ ತೂಕ. ಆ ಅಳತೆಯೊಳಗೆ ಬರುವುದೆಲ್ಲ ಬರಬಹುದು, ಅದನ್ನು ದಾಟಿದ್ದು ಕನಸು.

ಅಳತೆಯೊಳಗೆ ಏನೇನಿದೆ? ನೀರಿಗೆ ಮುಳುಗಿರುವ ಮುಖ್ಯ ಕೊಳವೆಗಳನ್ನು ಸದ್ಯಕ್ಕೆ ಮರೆಯೋಣ. ಅಲೆಯೊಂದು ಬಂದು ಬಡಿದು ಹಿಂತಿರುಗುವಾಗ ಬೆಸುಗೆ ಒಮ್ಮೆ ಎಳೆಯಲ್ಪಡುತ್ತದೆ, ಒಮ್ಮೆ ಒತ್ತಲ್ಪಡುತ್ತದೆ. ಇಪ್ಪತ್ತೈದು ವರ್ಷಗಳಲ್ಲಿ ಇದು ಕೋಟಿಗಟ್ಟಲೆ ಬಾರಿ ನಡೆಯುತ್ತದೆ. ಕೂದಲೆಳೆಯಷ್ಟು ಬಿರುಕು ಉಳಿದರೂ ಅದು ಬೆಳೆಯುತ್ತದೆ. ಆದ್ದರಿಂದ ದಪ್ಪ ತಗಡಿನ ಆ ಬೆಸುಗೆಗಳನ್ನು ಯಂತ್ರಗಳಿಂದಲೇ ಹಾಕಿ, ಶಬ್ದತರಂಗಗಳಿಂದ ಪರೀಕ್ಷಿಸಿ, ಹಡಗು ವರ್ಗೀಕರಣ ಸಂಸ್ಥೆಯ ಇನ್ಸ್‌ಪೆಕ್ಟರ್ ಮುದ್ರೆ ಒತ್ತಬೇಕು. ಅದು ರಸ್ತೆ ಬದಿಯ ಅಂಗಡಿಯ ಕೆಲಸವಲ್ಲ. ಆದರೆ ಒಂದೊಂದು ತೆಪ್ಪಕ್ಕೂ ಏಣಿ ಬೇಕು, ಕಟಕಟೆ ಬೇಕು, ನಡೆದಾಡುವ ಜಾಲರಿ, ಕೇಬಲ್ ಇಡುವ ತಟ್ಟೆ, ಮುಚ್ಚಳ, ದೋಣಿ ಬಂದು ತಾಗುವ ಚೌಕಟ್ಟು ಬೇಕು. ಇವೆಲ್ಲ ಸಣ್ಣ ಕಾರ್ಖಾನೆಯಲ್ಲಿ ಆಗುವಂಥವು. ಸತು ಲೇಪನಕ್ಕೆ ಮಾತ್ರ ದೊಡ್ಡ ಘಟಕಕ್ಕೆ ಕಳುಹಿಸಬೇಕು.

ಈ ಕೈಚಳಕ ಅಲ್ಲಿ ಇದೆಯೇ? ನಾವು ಹುಣಸೂರಿನ ಹೊರವಲಯದಲ್ಲಿ ಒಂದು ವೆಲ್ಡಿಂಗ್ ಅಂಗಡಿಗೆ ಹೊಕ್ಕೆವು. ಅಂಗಳದಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಒಂದು ಮಗುಚಿ ಮಲಗಿತ್ತು, ಪಕ್ಕದಲ್ಲಿ ಬ್ಯಾರನ್ನಿನ ಹೊಗೆಕೊಳವೆಗಳ ರಾಶಿ. ತಂಬಾಕು ಒಣಗಿಸುವ ಬ್ಯಾರನ್ ನೋಡದವರಿಗೆ ಹೇಳಬೇಕೆಂದರೆ, ಎತ್ತರದ ಗೋಡೆಗಳ ಆ ಕೋಣೆಯ ಹೊರಗೆ ಒಲೆ ಇರುತ್ತದೆ, ಬಿಸಿ ಹೊಗೆ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಸುತ್ತಿ ಚಿಮಣಿಯಿಂದ ಹೊರಹೋಗುತ್ತದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೊಗೆ ಎಲೆಗೆ ತಾಗಿ ದರ್ಜೆ ಇಳಿಯುತ್ತದೆ. ಬೆಸುಗೆ ಬಿಗಿಯಾಗಿರಬೇಕೆಂಬ ಪಾಠ ಅವರಿಗೆ ಹೊಸದಲ್ಲ. ಅಂಗಡಿಯವರು ನಮ್ಮ ಮಾತನ್ನೆಲ್ಲ ಕೇಳಿ, "ಅಳತೆ ಕೊಡಿ ಸಾರ್, ಮಾಡ್ಕೊಡ್ತೀವಿ. ದುಡ್ಡು ಯಾವಾಗ ಕೊಡ್ತಾರೆ ಅಂತ ಮಾತ್ರ ಮೊದಲೇ ಹೇಳ್ಬಿಡಿ" ಎಂದರು. ಗಾಳಿಯಂತ್ರದ ವರದಿಗಳನ್ನು ಬರೆಯುವ ಪಂಡಿತರು ಈ ಎರಡನೆಯ ವಾಕ್ಯವನ್ನು ಬರೆದದ್ದನ್ನು ನಾವು ಅಷ್ಟಾಗಿ ಕಂಡಿಲ್ಲ. ಸಣ್ಣ ಅಂಗಡಿಯನ್ನು ಮುಳುಗಿಸುವುದು ಕಡಲಲ್ಲ, ಆರು ತಿಂಗಳು ಬಾಕಿ ಉಳಿಯುವ ಬಿಲ್ಲು.

ಹುಣಸೂರಿಗೆ ಇದು ಮೊದಲ ಸಲದ ಅನುಭವವೂ ಅಲ್ಲ. ಅಮೃತ ಮಹಲ್ ದನಗಳ ಕೇಂದ್ರವಾಗಿದ್ದ ಆ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೇನೆಗಾಗಿ ಚರ್ಮ ಹದಮಾಡುವ, ಕಂಬಳಿ ನೇಯುವ, ಬಂಡಿ ಕಟ್ಟುವ ಸರಕಾರಿ ಕಾರ್ಖಾನೆಗಳಿದ್ದವು. ಕಾಡಿನ ಮರ, ಊರಿನ ದನ, ಊರಿನ ಕೈ. 1864ರಲ್ಲಿ ಸರಕಾರ ಅವುಗಳನ್ನು ಮುಚ್ಚಿತು. ಆದರೆ ಕಲಿತ ಕುಶಲಕರ್ಮಿಗಳು ಊರು ಬಿಡಲಿಲ್ಲ. ಬೂಟು, ಚರ್ಮದ ಚೀಲ, ಕಂಬಳಿ, ಎತ್ತಿನ ಗಾಡಿಗಳನ್ನು ಮಾಡಿ ಮಾರುತ್ತಾ ಬದುಕಿದರು. ಅವರು ಕಲಿತದ್ದು ಹಲವು ಗಿರಾಕಿಗಳಿಗೆ ಬೇಕಾದ ವಿದ್ಯೆಯಾಗಿತ್ತು, ಸೇನೆ ಹೋದರೂ ರೈತ ಉಳಿದ. ಏಣಿ ಕಟಕಟೆ ಮಾಡಲು ಕಲಿತವನಿಗೂ ಹಾಗೆಯೇ. ಕಡಲ ಯಂತ್ರ ಬಾರದಿದ್ದರೆ ಹಡಗಿಗೆ, ಹಡಗು ಇಲ್ಲದಿದ್ದರೆ ಮೈಸೂರಿನ ಕಾರ್ಖಾನೆಗೆ.

ತಂಬಾಕಿನ ಕಥೆ ಇದಕ್ಕೆ ವಿರುದ್ಧವಾದದ್ದು. ರಾಜ್ಯದ ವರ್ಜೀನಿಯಾ ತಂಬಾಕಿನ ಬಹುಪಾಲು ಬೆಳೆಯುವುದು ಈ ತಾಲ್ಲೂಕುಗಳಲ್ಲೇ. ರಾಜ್ಯಕ್ಕೆ ನಿಗದಿಯಾಗುವ ಪ್ರಮಾಣ ಈಚಿನ ವರ್ಷಗಳಲ್ಲಿ ಸುಮಾರು ಹತ್ತು ಕೋಟಿ ಕಿಲೋ. ಎಷ್ಟು ಬೆಳೆಯಬೇಕೆಂಬುದನ್ನು ಗುಂಟೂರಿನಲ್ಲಿರುವ ಮಂಡಳಿ ಹೇಳುತ್ತದೆ, ಬೆಲೆಯನ್ನು ಬೆರಳೆಣಿಕೆಯ ಖರೀದಿದಾರರು ಹೇಳುತ್ತಾರೆ. ಒಂದು ಕಿಲೋ ಎಲೆ ಒಣಗಿಸಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಸಿಗರೇಟು ಆಗುವ ಲಾಭದ ಹಂತ ಬೇರೆ ಊರಿನದು. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ನಮ್ಮ ದೇಶವೂ ಸಹಿ ಹಾಕಿದೆ. ಅದರ 17ನೆಯ ವಿಧಿ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆನ್ನುತ್ತದೆ. ಇಪ್ಪತ್ತು ವರ್ಷಗಳಾದರೂ ಆ ಬದಲಿ ಬ್ಯಾರನ್ನಿನ ಬಾಗಿಲಿಗೆ ಬಂದಂತೆ ಕಾಣುವುದಿಲ್ಲ. ಗಾಳಿಯಂತ್ರವೇ ಆ ಬದಲಿ ಎಂದು ನಾವು ಹೇಳುತ್ತಿಲ್ಲ. ಎರಡೆಕರೆಯ ರೈತ ನಾಳೆ ಬೆಸುಗೆಗಾರನಾಗುವುದಿಲ್ಲ, ಎಚ್.ಡಿ.ಕೋಟೆಯಿಂದ ಬೆಳಿಗ್ಗೆ ಜೀಪು ಹತ್ತಿ ಕೊಡಗಿನ ತೋಟಕ್ಕೆ ಹೋಗುವ ಕೂಲಿ ಹೆಂಗಸಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಅವರ ಮಕ್ಕಳು ಐಟಿಐಯಲ್ಲಿ ಫಿಟ್ಟರ್, ವೆಲ್ಡರ್ ಓದುತ್ತಿದ್ದಾರೆ. ಈ ಮಾತು ಅವರಿಗೆ ಸಂಬಂಧಪಟ್ಟದ್ದು.

ಅವರ ಪರವಾಗಿ ಏನು ಕೇಳಬಹುದು? 2025ರ ಜುಲೈನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವು ಒಂದು ನಿಯಮ ತಂದಿತು. ಗಾಳಿಯಂತ್ರದ ರೆಕ್ಕೆ, ಗೋಪುರ, ಗೇರ್‌ಬಾಕ್ಸ್, ಜನರೇಟರ್ ಮತ್ತು ವಿಶೇಷ ಬೇರಿಂಗ್ ಎಂಬ ಐದು ಭಾಗಗಳನ್ನು ಸರಕಾರದ ಪಟ್ಟಿಯಲ್ಲಿರುವ ತಯಾರಕರಿಂದಲೇ ಕೊಳ್ಳಬೇಕು. ಒಳ್ಳೆಯದೇ. ಆದರೆ ಈ ಐದರಲ್ಲಿ ಕಡಲ ತಳಹದಿ ಇಲ್ಲ. ಅತಿ ಹೆಚ್ಚು ಉಕ್ಕು, ಅತಿ ಹೆಚ್ಚು ಕೈಕೆಲಸ ಇರುವ ಭಾಗವೇ ಪಟ್ಟಿಯ ಹೊರಗಿದೆ. ಟೆಂಡರು ಮತ್ತೆ ಕರೆಯುವ ಮೊದಲು ತಳಹದಿಯ ಬಗ್ಗೆಯೂ ಷರತ್ತು ಸೇರಬೇಕು. ಇಷ್ಟು ಶೇಕಡಾ ದೇಶದ್ದಾಗಿರಬೇಕೆಂಬ ಒಣ ಷರತ್ತು ಸಾಲದು, ಅದನ್ನು ದೊಡ್ಡ ಕಂಪನಿಗಳು ಒಂದೇ ಕಟ್ಟೆಯಲ್ಲಿ ಪೂರೈಸಿಬಿಡುತ್ತವೆ. ಬಂದರಿನಿಂದ ದೂರದ ಸಣ್ಣ ಕಾರ್ಖಾನೆಗಳು ಮಾಡಬಹುದಾದ ಭಾಗಗಳ ಪಟ್ಟಿಯನ್ನು ವಿನ್ಯಾಸದೊಂದಿಗೇ ಸಲ್ಲಿಸಬೇಕೆಂದು ಕೇಳಬೇಕು. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂಬ ಕಾನೂನು 2006ರಿಂದಲೇ ಇದೆ, ಅದನ್ನು ಮುಖ್ಯ ಗುತ್ತಿಗೆದಾರನ ಒಪ್ಪಂದದಲ್ಲಿ ಬರೆಸಬೇಕು.

ಮತ್ತೊಂದು ಮಾತು. ತಮಿಳುನಾಡಿನ ಗಾಳಿವಲಯಗಳು ರಾಮೇಶ್ವರದಿಂದ ಕನ್ಯಾಕುಮಾರಿವರೆಗಿನ ಮೀನುಗಾರರ ಕಡಲಿನಲ್ಲೇ ಇವೆ. ಲಂಗರಿನ ಸರಪಳಿ ಹರಡಿದ ನೀರಿನಲ್ಲಿ ಬಲೆ ಎಳೆಯಲಾಗದು. ನಮ್ಮ ಒಳನಾಡಿನ ಹುಡುಗರಿಗೆ ಕೆಲಸ ಸಿಗಲಿ ಎಂದು ಬರೆಯುವಾಗ ಅಲ್ಲಿಯ ದೋಣಿಗಳನ್ನು ಮರೆಯಲಾಗದು. ಆ ವಿಷಯಕ್ಕೆ ಬೇರೆಯೇ ಲೇಖನ ಬೇಕು.

ಸದ್ಯಕ್ಕೆ ಖರ್ಚಿಲ್ಲದೆ ಆಗಬಹುದಾದ ಕೆಲಸ ಒಂದಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರಿಗೆ ಉದ್ಯೋಗ ಮಾಹಿತಿ ಕೊಡುವವರು, ತಾಂತ್ರಿಕ ಶಾಲೆ ನಡೆಸುವವರು ಮಲ್ಪೆಯಂತಹ ಹಡಗುಕಟ್ಟೆಗಳು ಬೆಸುಗೆಗಾರರಿಗೆ ಯಾವ ಪರೀಕ್ಷೆ ಇಡುತ್ತವೆ ಎಂದು ಕೇಳಿ ತಿಳಿದುಕೊಳ್ಳಲಿ. ತಗಡಿನ ದಪ್ಪ ಎಷ್ಟು, ಯಾವ ಭಂಗಿಯಲ್ಲಿ ಬೆಸೆಯಬೇಕು, ಪರೀಕ್ಷೆ ಹೇಗೆ ಎಂಬ ಮಾಹಿತಿಯನ್ನು ಘಟ್ಟದ ಮೇಲಿನ ಮೈಸೂರು ಧರ್ಮಕ್ಷೇತ್ರದ ಗೆಳೆಯರಿಗೂ ತಲುಪಿಸಲಿ. ಹುಣಸೂರಿನ ಅಂಗಡಿಯವರು ಕೇಳಿದ ಅಳತೆಯಲ್ಲಿ ಅಷ್ಟನ್ನಾದರೂ ಇಂದೇ ಕೊಡಬಹುದು. ಹಣ ಯಾವಾಗ ಎಂಬ ಪ್ರಶ್ನೆಗೆ ಉತ್ತರ ದೆಹಲಿಯಿಂದ ಬರಬೇಕಾಗಿದೆ.